ಕೊಬ್ಬಿದ ಎತ್ತು, ಕೊಬ್ಬಿಸಿದ ಚಿತ್ರ

ದನಗಳ ಜಾತ್ರೆಯನ್ನು ನೀವು ನೋಡಿರಬಹುದು. ಘಾಟಿ ಸುಬ್ರಹ್ಮಣ್ಯದಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳಲು ಬಂದ ರೈತ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಕೋಡಿನ ಎಣ್ಣೆಗೂ ಕೊರಳ ಗೆಜ್ಜೆಗೂ ಮರುಳಾಗುವವನಲ್ಲ. ಇಂಥ ಪರೀಕ್ಷೆಗೆ ನಿಯಮ, ತೀರ್ಪುಗಾರ, ಬಹುಮಾನ ಎಲ್ಲವೂ ಸೇರಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಇಂಗ್ಲೆಂಡಿನ ಇತಿಹಾಸವನ್ನು ನೋಡಬೇಕು.

ಲಂಡನ್ನಿನ ಸ್ಮಿತ್‌ಫೀಲ್ಡ್ ಸಂಘ 1798ರಲ್ಲಿ ಹುಟ್ಟಿತು. ಮರುವರ್ಷ ಡಿಸೆಂಬರಿನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಬೆಳೆಯುತ್ತಿದ್ದ ನಗರಕ್ಕೆ ಮಾಂಸ ಬೇಕಿತ್ತು. ಯಾವ ತಳಿ ಕಡಿಮೆ ಮೇವಿನಲ್ಲಿ ಹೆಚ್ಚು ಮಾಂಸ ಕೊಡುತ್ತದೆ ಎಂಬುದೇ ಪ್ರಶ್ನೆ. ಅದೇ 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು, ಟಿಪ್ಪುವಿನ ಅಮೃತಮಹಲ್ ದನಗಳು ಬ್ರಿಟಿಷರ ಕೈಸೇರಿದ್ದವು. ಫಿರಂಗಿ ಎಳೆಯುವ ಆ ಎತ್ತುಗಳಿಗೆ ಅಳತೆಗೋಲು ನಡಿಗೆ. ಸ್ಮಿತ್‌ಫೀಲ್ಡಿನಲ್ಲಿ ಅಳತೆಗೋಲು ಮೈ.

ಮೈಯ ಹುಚ್ಚು ಬಹುಬೇಗ ಮಿತಿಮೀರಿತು. 1796ರಲ್ಲಿ ಹುಟ್ಟಿದ ‘ಡರ್ಹಮ್ ಎತ್ತು’ ಸಾವಿರ ಕಿಲೋಗ್ರಾಂಗೂ ಮೀರಿ ತೂಗುತ್ತಿತ್ತು. ಅದನ್ನು ಗಾಡಿಯಲ್ಲಿ ಹೇರಿಕೊಂಡು 1801ರಿಂದ ಊರೂರು ಸುತ್ತಿಸಿ, ಜನರಿಂದ ಹಣ ಪಡೆದು ತೋರಿಸಲಾಯಿತು. ಎತ್ತೇ ಗಾಡಿ ಹತ್ತಿದ ಸಂಗತಿ ನಮ್ಮ ರೈತರಿಗೆ ನಗು ತರಿಸೀತು! ಆದರೆ ಆ ಕಾಲದಲ್ಲಿ ಕೊಬ್ಬಿಗೂ ಬೆಲೆಯಿತ್ತು, ಮನೆಗಳ ದೀಪದ ಬತ್ತಿ ಅದರಿಂದಲೇ ಆಗುತ್ತಿತ್ತು ಎಂಬುದನ್ನು ಮರೆಯಬಾರದು.

ಮಾಲೀಕರು ಚಿತ್ರಕಾರರನ್ನೂ ಕರೆಸುತ್ತಿದ್ದರು. ಚೌಕಾಕಾರದ ಭಾರೀ ಮೈ, ಕಡ್ಡಿಯಂಥ ಕಾಲು, ಪುಟ್ಟ ತಲೆ: ಇಂಥ ಚಿತ್ರಗಳು ತಳಿಯ ಜಾಹೀರಾತುಗಳಾದವು. ಮರದಚ್ಚಿನ ಪ್ರಸಿದ್ಧ ಕಲಾವಿದ ಥಾಮಸ್ ಬೀವಿಕ್‌ನಿಗೂ ಕರೆ ಬಂದಿತು. ಆದರೆ ಕಣ್ಣಿಗೆ ಕಾಣದ ಕೊಬ್ಬಿನ ಉಂಡೆಗಳನ್ನು ಚಿತ್ರಕ್ಕೆ ಅಂಟಿಸಲು ಆತ ಒಪ್ಪಲಿಲ್ಲ. ಪ್ರಯಾಣವೂ ಶ್ರಮವೂ ವ್ಯರ್ಥವಾದುದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆ ಕಾಲದ ಬಹುಮಾನಿತ ದನಗಳ ಚಿತ್ರಗಳನ್ನು ಇತಿಹಾಸದ ಆಧಾರವೆಂದು ಬಳಸುವ ವಿದ್ಯಾರ್ಥಿ ಬೀವಿಕ್‌ನ ಮಾತನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಕುಂಚದ ಕೆಲಸವನ್ನು ಕತ್ತರಿಯೂ ಮಾಡಬಲ್ಲುದು. ಮೈ ತೊಳೆದು, ಕೂದಲು ಬಾಚಿ, ಬೆನ್ನು ತಗ್ಗಿದ ಕಡೆ ಕೂದಲು ಬಿಟ್ಟು ಉಬ್ಬಿದ ಕಡೆ ಕತ್ತರಿಸಿದರೆ ಬೆನ್ನಗೆರೆ ನೇರವಾಗಿ ಕಾಣುತ್ತದೆ. ಆದಕಾರಣ ಅನುಭವಿ ತೀರ್ಪುಗಾರ ಕಣ್ಣೊಂದನ್ನೇ ನಂಬುವುದಿಲ್ಲ. ಪಕ್ಕೆಲುಬಿನ ಮೇಲೆ, ಬಾಲದ ಬುಡದಲ್ಲಿ ಕೈಯಿಟ್ಟು ಒತ್ತಿ ನೋಡುತ್ತಾನೆ.

ಡರ್ಹಮ್ ಎತ್ತಿನ ತಿರುಗಾಟ 1807ರಲ್ಲಿ ಆಕ್ಸ್‌ಫರ್ಡಿನಲ್ಲಿ ನಿಂತಿತು. ಅದರ ಸೊಂಟದ ಕೀಲು ತಪ್ಪಿತು. ಗುಣವಾಗದೆ, ಕೆಲವು ವಾರಗಳ ನಂತರ ಅದನ್ನು ಕಡಿಯಬೇಕಾಯಿತು.