ಕೇಪಿನಿಂದ ಪ್ರೈಮರಿಗೆ: ಗುರಿಯ ತೋಟಾದಲ್ಲಿ ಮೊದಲ ಕಿಡಿಯ ಆಯ್ಕೆ

ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರುಗಳಿಂದ ಕಾವೇರಿಯ ಗುಂಟ ಮೇಲಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಕೊಡಗು. ಈ ಗಡಿಯ ಎರಡೂ ಬದಿಯಲ್ಲಿ ಹಳಬರ ಮಾತಿಗೆ ಕೋವಿ ಎರಡೇ ಜಾತಿಯದು: ಕೇಪಿನ ಕೋವಿ, ತೋಟಾ ಕೋವಿ. ನಳಿಗೆಯ ಉದ್ದ, ಗುಂಡಿನ ಗಾತ್ರ, ಹಿಡಿಯ ಮರ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಮದ್ದಿಗೆ ಬೆಂಕಿ ಹೇಗೆ ತಾಗುತ್ತದೆ ಎಂಬ ಒಂದೇ ಗುಣದಿಂದ ಆಯುಧವನ್ನು ವಿಂಗಡಿಸಿದ್ದು ಗಮನಿಸಬೇಕಾದ ಸಂಗತಿ. ಗುರಿಕಾರಿಕೆಯ ರೈಫಲ್ಲಿಗೆ ತೋಟಾ ಕೈಯಾರೆ ತುಂಬುವವರು ಇಂದು ಯಾವ ಪ್ರೈಮರ್ ಒಳ್ಳೆಯದು ಎಂದು ಕೇಳುವಾಗ ಕೇಳುತ್ತಿರುವುದು ಕೇಪಿನ ಪ್ರಶ್ನೆಯನ್ನೇ. ಪ್ರೈಮರ್ ಎಂದರೆ ತೋಟಾದ ಬುಡಕ್ಕೆ ಸೇರಿಹೋದ ಕೇಪು. ಈ ನಂಟನ್ನು ಹಿಡಿದು ನೋಡಿದರೆ ಆಯ್ಕೆಯ ಸೂತ್ರ ಸ್ಪಷ್ಟವಾಗುತ್ತದೆ ಎಂಬುದು ಈ ಲೇಖನದ ವಾದ. ಕಿಡಿ ಎಷ್ಟು ಜೋರು ಎಂಬುದಕ್ಕಿಂತ ಪ್ರತಿ ಸಲವೂ ಒಂದೇ ಸಮ ಇದೆಯೇ ಎಂಬುದು ಮುಖ್ಯ. ಆ ಸಮತೆಯನ್ನು ಕಂಪನಿಯ ಹೆಸರಿನಿಂದ ಅಳೆಯಲಾಗದು, ಅವರವರ ರೈಫಲ್ಲಿನಲ್ಲೇ ಅಳೆಯಬೇಕು.

ಕೇಪಿಗೂ ಹಿಂದೆ ಚಕಮಕಿಯ ಕಾಲವಿತ್ತು. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯನ್ನು ಟಿಪ್ಪು 1792ರಲ್ಲಿ ನಕ್ಷತ್ರದಾಕಾರದಲ್ಲಿ ಕಟ್ಟಿಸಿದಾಗ ಅದರೊಳಗಿನ ಮದ್ದಿನ ಮನೆಗಳು ಕಾಯಬೇಕಾಗಿದ್ದುದು ಮಳೆಯಿಂದ. ಘಟ್ಟದ ಅಂಚಿನಲ್ಲಿ ವರ್ಷಕ್ಕೆ 2000 ಮಿ.ಮೀ. ಮೀರಿ ಮಳೆ ಸುರಿಯುವ ಜಾಗ ಅದು. ಇದೇ ಹಾಸನ ಜಿಲ್ಲೆಯ ಮೂಡಲಿಗೆ, ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ, ಮಳೆ 700 ಮಿ.ಮೀ. ಆಸುಪಾಸು. ಕಲ್ಲಿನ ಕಿಡಿ ಬಟ್ಟಲಿನ ಬಯಲು ಮದ್ದಿಗೆ ಬಿದ್ದು, ಅಲ್ಲಿಂದ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದಿಗೆ ದಾಟಬೇಕು. ಚನ್ನರಾಯಪಟ್ಟಣದಲ್ಲಿ ಹತ್ತಿದ್ದು ಆಷಾಢದ ಸಕಲೇಶಪುರದಲ್ಲಿ ಹತ್ತುತ್ತದೆಂದು ನಂಬುವಂತಿರಲಿಲ್ಲ. ಹತ್ತಿದರೂ ಕೋವಿಯ ಕುದುರೆ, ಎಂದರೆ ಏಟು ಕೊಡುವ ಸುತ್ತಿಗೆ, ಬಿದ್ದದ್ದಕ್ಕೂ ಗುಂಡು ಹೊರಟದ್ದಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ತಡ.

ಆ ತಡವನ್ನು ನೀಗಿಸಿದವರು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್. ಚಕಮಕಿಯ ಹೊಗೆ ಮಿಂಚುಗಳಿಗೆ ಬಾತುಕೋಳಿಗಳು ಗುಂಡಿಗಿಂತ ಮೊದಲೇ ಹಾರಿಹೋಗುತ್ತಿದ್ದುದು ಅವರ ತಕರಾರು. ಏಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಕಿಡಿಯಾಗಿ ಬಳಸುವ ಉಪಾಯಕ್ಕೆ 1807ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಮುಂದಿನ ಎರಡು ದಶಕಗಳಲ್ಲಿ ಆ ರಾಸಾಯನಿಕ ಚಿಕ್ಕ ತಾಮ್ರದ ಟೋಪಿಯೊಳಗೆ ಸೇರಿತು. ಇಂಗ್ಲಿಷಿನ ಕ್ಯಾಪ್ ಕನ್ನಡದ ಬಾಯಲ್ಲಿ ಕೇಪು ಆಯಿತು. ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1871ರಲ್ಲೂ 1894ರಲ್ಲೂ ಪ್ರಕಟಿಸಿದ ಎರಡು ಪುಸ್ತಕಗಳ ನಡುವಿನ ಅವಧಿಯೇ ನಮ್ಮ ಮಲೆನಾಡಿನಲ್ಲಿ ಸಿರಿವಂತರ ಕೈಯ ಕೋವಿ ಕೇಪಿನಿಂದ ತೋಟಾಕ್ಕೆ ಹೊರಳಿದ ಅವಧಿ. ಹೊಲ ಕಾಯುವ ರೈತನ ಕೈಗೆ ಆ ಹೊರಳು ಬರಲು ಇನ್ನೂ ಬಹಳ ಕಾಲ ಬೇಕಾಯಿತು. ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಇಟ್ಟುಕೊಂಡ ಒಂಟಿ ನಳಿಗೆಯ ಕೇಪಿನ ಕೋವಿ ನಮ್ಮ ಕಾಲಕ್ಕೂ ಉಳಿದುಬಂದಿದೆ.

ಕೇಪು ಒಡೆಯಿತು, ಈಡು ಹತ್ತಲಿಲ್ಲ. ಕೇಪಿನ ಕೋವಿ ಬಳಸಿದವರಿಗೆ ಈ ಅನುಭವ ಹೊಸದಲ್ಲ. ಕುದುರೆ ಬಿದ್ದು ಟಪ್ಪೆಂದರೂ ಬೆಂಕಿ ಒಳಕ್ಕೆ ದಾಟಲಿಲ್ಲ ಎಂದು ಅರ್ಥ. ಕೇಪು ಕೂರುವ ಪುಟ್ಟ ಕೊಳವೆಯಲ್ಲಿ ಮಸಿ ಕಟ್ಟಿರಬಹುದು, ಮದ್ದು ಥಂಡಿ ಹಿಡಿದಿರಬಹುದು, ಕೇಪು ಕೊಳವೆಗೆ ಸಡಿಲವಾಗಿ ಏಟಿನ ಅರ್ಧ ಬಲ ಅದನ್ನು ಕೂರಿಸುವುದಕ್ಕೇ ಹೋಗಿರಬಹುದು. ಇಂದಿನ ಪ್ರೈಮರ್ ಕುರಿತ ಚರ್ಚೆಯಲ್ಲಿ ಬರುವ ದೋಷಗಳೆಲ್ಲ ಈ ಮೂರರ ಹೊಸ ರೂಪಗಳೇ: ದಾರಿ, ಮದ್ದಿನ ಸ್ಥಿತಿ, ಕೂರಿಕೆ.

ತೋಟಾದ ಬುಡಕ್ಕೆ ಕೇಪು ಸೇರಿದ ಬಗೆ ಎರಡು. ಎರಡೂ 1866ರವು. ಅಮೆರಿಕದ ಹೈರಮ್ ಬರ್ಡಾನ್ ಅಡಿಗಲ್ಲನ್ನು, ಎಂದರೆ ಏಟು ಬಿದ್ದಾಗ ರಾಸಾಯನಿಕವನ್ನು ಎದುರಿಗೆ ತಡೆದು ಜಜ್ಜುವ ಪುಟ್ಟ ಮೊನೆಯನ್ನು, ತೋಟಾದ ಹಿತ್ತಾಳೆಯಲ್ಲೇ ರೂಪಿಸಿದರು. ಇಂಗ್ಲೆಂಡಿನ ವುಲಿಚ್‌ನ ಎಡ್ವರ್ಡ್ ಬಾಕ್ಸರ್ ಅದನ್ನು ಕೇಪಿನೊಳಗೇ ಇಟ್ಟರು. ಅಮೆರಿಕದವನ ಪದ್ಧತಿ ಯೂರೋಪಿಗೂ ಇಂಗ್ಲಿಷರ ಸೈನ್ಯಕ್ಕೂ ಹೋಯಿತು, ಇಂಗ್ಲಿಷನ ಪದ್ಧತಿ ಅಮೆರಿಕದಲ್ಲಿ ನೆಲೆ ನಿಂತಿತು. ಪುಣೆಯ ಖಡ್ಕಿಯಲ್ಲಿ 1869ರಲ್ಲಿ ಆರಂಭವಾದ ಮದ್ದುಗುಂಡು ಕಾರ್ಖಾನೆಯ ಮೂಲಕ ನಮಗೆ ಬಂದದ್ದು ಬ್ರಿಟಿಷ್ ಸೈನ್ಯದ ಪರಂಪರೆ.

ಹೊಳೆನರಸೀಪುರದಲ್ಲಿ ನಿವೃತ್ತ ಸೈನಿಕರೊಬ್ಬರ ಮನೆಯ ಗಾಜಿನ ಕಪಾಟಿನಲ್ಲಿ ಪದಕಗಳ ಪಕ್ಕಕ್ಕೆ ಇಟ್ಟಿದ್ದ ಖಾಲಿ .303 ತೋಟಾವೊಂದನ್ನು ಕೈಗೆತ್ತಿಕೊಂಡು ನೋಡಿದ್ದೇನೆ. ಬುಡದಲ್ಲಿ ಖಡ್ಕಿಯ ಗುರುತಾದ ಕೆ.ಎಫ್. ಅಕ್ಷರಗಳು, ನಡುವೆ ಸೂಜಿ ಬಿದ್ದ ಗುಳಿ. ಬಾಯಿಯ ಕಡೆಯಿಂದ ಟಾರ್ಚ್ ಬಿಟ್ಟು ಒಳಗೆ ಇಣುಕಿದರೆ ತಳದಲ್ಲಿ ಒಂದರ ಪಕ್ಕ ಒಂದು ಎರಡು ಸೂಜಿಗಣ್ಣು. ಅದು ಬರ್ಡಾನ್. ಬಾಕ್ಸರ್ ತೋಟಾದಲ್ಲಾದರೆ ನಟ್ಟನಡುವೆ ಒಂದೇ ತೂತು. ಆ ತೂತಿನಲ್ಲಿ ಕಡ್ಡಿ ತೂರಿಸಿ ಒತ್ತಿದರೆ ಹಳೆಯ ಪ್ರೈಮರ್ ಹಿಂದಕ್ಕೆ ಉದುರುತ್ತದೆ, ಹೊಸದನ್ನು ಕೂರಿಸಬಹುದು. ಬರ್ಡಾನ್‌ನಲ್ಲಿ ಕಡ್ಡಿಗೆ ದಾರಿಯೇ ಇಲ್ಲ. ಕೈಯಾರೆ ತೋಟಾ ತುಂಬುವ ಹವ್ಯಾಸ ಅಮೆರಿಕದಲ್ಲಿ ಮನೆಮನೆಗೆ ಹಬ್ಬಿ, ಸೈನ್ಯದ ತೋಟಾವೇ ಮಾದರಿಯಾದ ನಮ್ಮಲ್ಲಿ ಬೇರೂರದಿರಲು ಕಾನೂನಿನಷ್ಟೇ ಈ ಒಂದು ತೂತಿನ ವ್ಯತ್ಯಾಸವೂ ಕಾರಣ ಎಂದು ನನ್ನ ಅಭಿಪ್ರಾಯ.

ಆ ಹಿರಿಯರು ಇನ್ನೊಂದು ಮಾತು ಹೇಳಿದರು: ಫೈರಿಂಗ್ ಮುಗಿದ ಮೇಲೆ ನಳಿಗೆಗೆ ಎಣ್ಣೆ ಹಾಕುವ ಮೊದಲು ಕುದಿನೀರು ಹೊಯ್ಯಬೇಕು. ಬರೇ ಶಿಸ್ತಿಗಾಗಿ ಹಾಕಿದ ನಿಯಮ ಇದಲ್ಲ. ಹಳೆಯ ಪ್ರೈಮರಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸಿಡಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯ ಒಳಗೋಡೆಗೆ ಅಂಟುತ್ತದೆ. ಅಡುಗೆ ಉಪ್ಪಿನ ಒಡಹುಟ್ಟಿದ ಈ ಉಪ್ಪು ಮಳೆಗಾಲದ ಗಾಳಿಯಿಂದ ನೀರೆಳೆದು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಅದು ಕರಗದು, ನೀರಿಗೆ ಕರಗುತ್ತದೆ. 1920ರ ದಶಕದ ಕೊನೆಗೆ ಜರ್ಮನಿಯ ಆರ್‌ಡಬ್ಲ್ಯುಎಸ್ ಕಂಪನಿ ಕ್ಲೋರೇಟ್ ಇಲ್ಲದ, ಸೀಸದ ಸ್ಟಿಫ್ನೇಟ್ ಆಧಾರಿತ ಮಿಶ್ರಣವನ್ನು ಮಾರುಕಟ್ಟೆಗೆ ತಂದ ಮೇಲೆ ಈ ಕಾಟ ಕಡಿಮೆಯಾಯಿತು. ಗುರಿಯ ನಿಖರತೆಗೆ ಇದರಿಂದಾದ ಉಪಕಾರ ದೊಡ್ಡದು. ತುಕ್ಕು ತಿಂದ ನಳಿಗೆಯಲ್ಲಿ ಯಾವ ಕೇಪು ಹಾಕಿದರೇನು? ಮಲೆನಾಡಿನ ಮಟ್ಟಿಗೆ ಪ್ರೈಮರ್ ಆಯ್ಕೆಯ ಮೊದಲ ಪ್ರಶ್ನೆ ಇದೇ ಆಗಬೇಕು. ಹಳೆಯ ಸೈನ್ಯದ ದಾಸ್ತಾನಿನ ತೋಟಾ ಕೈಗೆ ಬಂದರೆ ಅದು ಕ್ಲೋರೇಟಿನದೆಂದೇ ಭಾವಿಸಿ ನಳಿಗೆ ತೊಳೆಯುವುದು ಒಳಿತು.

ಆಯ್ಕೆಯ ವಿಷಯಕ್ಕೆ ಬರೋಣ. ರೈಫಲ್ ಪ್ರೈಮರಿನ ಅಳತೆ ಎರಡು: ಸಣ್ಣದು 0.175 ಅಂಗುಲ, ದೊಡ್ಡದು 0.210 ಅಂಗುಲ ವ್ಯಾಸ. ಯಾವುದೆಂಬುದನ್ನು ತೋಟಾದ ಬುಡದಲ್ಲಿ ಪ್ರೈಮರ್ ಕೂರುವ ಗುಂಡಿಯೇ ನಿರ್ಧರಿಸುತ್ತದೆ. .223ಕ್ಕೆ ಸಣ್ಣದು, .308ಕ್ಕೆ ವಾಡಿಕೆಯಲ್ಲಿ ದೊಡ್ಡದು. ಆದರೂ ಲಾಪುವಾ ಕಂಪನಿ ದೂರದ ಗುರಿಯವರಿಗಾಗಿ .308ರಲ್ಲೇ ಸಣ್ಣ ಪ್ರೈಮರಿನ ಪಾಮಾ ತೋಟಾ ಮಾಡಿತು. ಮದ್ದಿಗೆ ಬೇಕಾದಷ್ಟೇ ಬೆಂಕಿ ಸಾಕು, ಹೆಚ್ಚಿನ ಬೆಂಕಿ ಏರುಪೇರನ್ನೂ ತರುತ್ತದೆ ಎಂಬ ಅನುಭವ ಅದರ ಹಿಂದಿದೆ. 1970ರ ದಶಕದಲ್ಲಿ ಬೆಂಚ್‌ರೆಸ್ಟ್ (ಮೇಜಿನ ಆಸರೆಯಲ್ಲಿ ರೈಫಲ್ ಇಟ್ಟು ಹೊಡೆಯುವ) ಸ್ಪರ್ಧೆಗಳನ್ನು ಆಳತೊಡಗಿದ 6 ಪಿಪಿಸಿ ತೋಟಾದ್ದೂ ಸಣ್ಣ ಪ್ರೈಮರೇ. ಕೊರೆಯುವ ಚಳಿಯ ನಾಡಿನಲ್ಲಿ ಸಣ್ಣ ಪ್ರೈಮರ್ ದೊಡ್ಡ ತೋಟಾದ ಮದ್ದನ್ನು ತಡವಾಗಿ ಹೊತ್ತಿಸುವ ದೂರು ಇದೆ. ಹಾಸನದ ಮಾಗಿಯ ಬೆಳಗು ಎಷ್ಟೇ ತಂಪಾದರೂ ಆ ಮಟ್ಟಕ್ಕೆ ಇಳಿಯುವುದಿಲ್ಲ. ಮ್ಯಾಗ್ನಮ್ ಪ್ರೈಮರ್ ಇರುವುದು ಹೆಚ್ಚು ಪ್ರಮಾಣದ, ಹೊತ್ತಲು ಒಲ್ಲದ ಗುಂಡುಕಾಳಿನ ಮದ್ದಿಗೆ. ಒತ್ತಡವನ್ನು ಏರಿಸುವ ಅದನ್ನು ಸಾಧಾರಣ ಪ್ರೈಮರಿನ ಜಾಗಕ್ಕೆ ಹಾಗೇ ಹಾಕುವುದು ಅಪಾಯ. ಯಾವ ಪ್ರೈಮರ್ ಬದಲಿಸಿದರೂ ಮದ್ದಿನ ತೂಕವನ್ನು ಮತ್ತೆ ಕೆಳಗಿನಿಂದಲೇ ಆರಂಭಿಸುವುದು ತೋಟಾ ತುಂಬುವವರ ಕಟ್ಟುನಿಟ್ಟಿನ ರೂಢಿ.

ಫೆಡರಲ್ 210ಎಂ, 205ಎಂ, ಸಿಸಿಐ ಬಿಆರ್-2, ಬಿಆರ್-4 ಮೊದಲಾದವು ಸ್ಪರ್ಧೆಗೆಂದೇ ಮಾರುವ ಪ್ರೈಮರುಗಳು. ಇವುಗಳಲ್ಲಿ ರಾಜ ಯಾವುದು ಎಂಬ ಜಗಳಕ್ಕೆ ಕೊನೆಯಿಲ್ಲದಿರುವುದು ಅಳೆಯುವವರು ಕಡಿಮೆ ಗುಂಡು ಹಾರಿಸಿ ಹೆಚ್ಚು ತೀರ್ಮಾನ ಹೇಳುವುದರಿಂದ. ಹತ್ತು ಗುಂಡು ಹಾರಿಸಿ ವೇಗದ ಪ್ರಮಾಣಿತ ವಿಚಲನೆ ಸೆಕೆಂಡಿಗೆ 7 ಅಡಿ ಬಂತೆನ್ನಿ. ಸಂಖ್ಯಾಶಾಸ್ತ್ರದ ಪ್ರಕಾರ ನಿಜವಾದ ವಿಚಲನೆ 5 ಅಡಿಯೂ ಇರಬಹುದು, 12 ಅಡಿಯೂ ಇರಬಹುದು. ಪಕ್ಕದ ಪ್ರೈಮರಿಗೆ 9 ಬಂತೆಂದು ಅದನ್ನು ಕೀಳೆನ್ನುವುದಕ್ಕೆ ಆಧಾರವೇ ಇಲ್ಲ. ಕನಿಷ್ಠ 30 ಗುಂಡು, ಒಂದೇ ದಿನ, ಎರಡನ್ನೂ ಸರದಿಯ ಮೇಲೆ ಹಾರಿಸಿದರೆ ಮಾತಿಗೆ ಸ್ವಲ್ಪ ತೂಕ ಬರುತ್ತದೆ.

ವೇಗದ ಏರುಪೇರು ಎಷ್ಟು ಮುಖ್ಯ? ಸೆಕೆಂಡಿಗೆ 800 ಮೀಟರಿನಲ್ಲಿ ಹೊರಟ ಗುಂಡು 300 ಮೀಟರ್ ದಾಟಲು ಸುಮಾರು 0.43 ಸೆಕೆಂಡ್ ಹಿಡಿಯುತ್ತದೆ. ವೇಗದಲ್ಲಿ 10 ಮೀಟರ್ ವ್ಯತ್ಯಾಸವಾದರೆ ಗುಂಡು ಬೀಳುವ ಎತ್ತರದಲ್ಲಿ ಸುಮಾರು 2 ಸೆಂ.ಮೀ. ವ್ಯತ್ಯಾಸ. ಅಂತರರಾಷ್ಟ್ರೀಯ 300 ಮೀಟರ್ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 10 ಸೆಂ.ಮೀ., ಆದ್ದರಿಂದ ನಷ್ಟವನ್ನು ತಡೆದುಕೊಳ್ಳಬಹುದು. ಸಾವಿರ ಗಜಕ್ಕೆ ಹೋದರೆ ಅದೇ ವ್ಯತ್ಯಾಸ ಹತ್ತು ಪಟ್ಟಿಗೂ ಮಿಕ್ಕಿ ಬೆಳೆಯುತ್ತದೆ. ಪ್ರೈಮರಿನ ಚಿಂತೆ ನಿಜವಾಗಿ ಅಲ್ಲಿಯವರದು. ಹತ್ತಿರದ ಗುರಿಯವರಿಗೆ ಅದಕ್ಕಿಂತ ಕೂರಿಕೆ ಹೆಚ್ಚು ಫಲ ಕೊಡುತ್ತದೆ. ಪ್ರೈಮರಿನೊಳಗಿನ ಅಡಿಗಲ್ಲಿನ ಕಾಲು ಗುಂಡಿಯ ತಳಕ್ಕೆ ತಾಗಿ, ಪ್ರೈಮರಿನ ಮುಖ ತೋಟಾದ ಬುಡಕ್ಕಿಂತ 0.003ರಿಂದ 0.005 ಅಂಗುಲ ಒಳಗಿರಬೇಕು. ತಳ ತಾಗುವ ಆ ಕ್ಷಣ ಬೆರಳಿಗೆ ತಿಳಿಯುವುದರಿಂದಲೇ ಎಷ್ಟೋ ಜನ ಯಂತ್ರ ಬಿಟ್ಟು ಕೈ ಉಪಕರಣದಲ್ಲಿ ಪ್ರೈಮರ್ ಕೂರಿಸುತ್ತಾರೆ. ಸಡಿಲ ಕೇಪಿನ ಹಳೆಯ ದೋಷಕ್ಕೆ ಇದು ಮದ್ದು.

ಇಷ್ಟೆಲ್ಲ ಹೇಳಿದ ಮೇಲೆ ಹಾಸನದ ಗುರಿಕಾರ ತೋಟಾ ತುಂಬುವ ಈ ಕೆಲಸವನ್ನು ಮನೆಯಲ್ಲಿ ಕುಳಿತು ಮಾಡಬಹುದೇ ಎಂದರೆ, ಕೂಡದು. 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡು ಎಂಬ ಪದದ ವ್ಯಾಖ್ಯೆಯಲ್ಲೇ ಅದರ ಬಿಡಿಭಾಗಗಳನ್ನೂ ತಯಾರಿಕೆಯ ಯಂತ್ರವನ್ನೂ ಸೇರಿಸಿದೆ. 5ನೆಯ ಕಲಂ ಪ್ರಕಾರ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು, ಕೋವಿ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. 41ನೆಯ ಕಲಂ ಅಡಿಯಲ್ಲಿ ಕೊಡವರಿಗೂ ಜಮ್ಮಾ ಎಂಬ ಭೂಹಿಡುವಳಿ ಉಳ್ಳವರಿಗೂ ಇರುವ, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದ ವಿನಾಯಿತಿಯೂ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ ಕೊಡಗಿನಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುರಿ ಕಟ್ಟುವವರ ತೋಟಾಗಳೂ ಅಂಗಡಿಯಿಂದ ಬಂದವೇ. ಕೊಡ್ಲಿಪೇಟೆ ದಾಟಿ ಈಚೆ ಅರಕಲಗೂಡಿಗೆ ಬಂದರೆ ಮಾಮೂಲು ಪರವಾನಗಿಯ ದಾರಿ.

ಹಾಗಾದರೆ ಹಾಸನ, ಚನ್ನರಾಯಪಟ್ಟಣದ ಎಳೆಯ ಕ್ರೀಡಾಪಟುವಿಗೆ ಪ್ರೈಮರಿನ ವಿದ್ಯೆ ಏಕೆ? ಅವರ ಕೈಗೆ ಮೊದಲು ಬರುವ ಮದ್ದಿನ ರೈಫಲ್ .22. ಅದರ ತೋಟಾದಲ್ಲಿ ಬಿಡಿ ಪ್ರೈಮರೇ ಇಲ್ಲ, ಬುಡದ ಅಂಚಿನ ಮಡಿಕೆಯೊಳಗೇ ಸಿಡಿಮಿಶ್ರಣವನ್ನು ತಿರುಗಿಸಿ ಹರಡಿರುತ್ತಾರೆ. ಮತ್ತೆ ತುಂಬುವ ಮಾತೂ ಇಲ್ಲ. ಆದರೆ ಲೆಕ್ಕ ಇಲ್ಲಿ ಇನ್ನೂ ಬಿಗಿ. ಸೆಕೆಂಡಿಗೆ 325 ಮೀಟರಿನ ಆ ನಿಧಾನದ ಗುಂಡಿಗೆ 10 ಮೀಟರ್ ವ್ಯತ್ಯಾಸವಾದರೆ 50 ಮೀಟರಿನಲ್ಲಿ ಸುಮಾರು 7 ಮಿ.ಮೀ. ಏರುಪೇರು, ಹತ್ತರ ವೃತ್ತದ ವ್ಯಾಸವೋ ಬರೇ 10.4 ಮಿ.ಮೀ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ ವೃತ್ತದ ಮುಂದೆ, ಇದೇ ಬಗೆಯ ತೋಟಾದಿಂದ. ಅಂಚಿನ ಸುತ್ತ ಮಿಶ್ರಣ ಒಂದೇ ಸಮ ಹರಡಿದೆಯೇ ಎಂಬುದನ್ನು ಬಳಸುವವರು ಕಣ್ಣಿನಿಂದ ಕಾಣಲಾರರು. ಕಾರ್ಖಾನೆಯ ಒಂದು ಸರದಿಯಲ್ಲಿ ತಯಾರಾದ ತೋಟಾಗಳು ಹೆಚ್ಚುಕಡಿಮೆ ಒಂದೇ ಗುಣದವು, ಇನ್ನೊಂದು ಸರದಿಯವು ಬೇರೆ. ಈಲಿ, ಆರ್‌ಡಬ್ಲ್ಯುಎಸ್, ಲಾಪುವಾ ಪೆಟ್ಟಿಗೆಗಳ ಮೇಲೆ ಆ ಸರದಿಯ, ಎಂದರೆ ಲಾಟಿನ, ಸಂಖ್ಯೆ ಅಚ್ಚಾಗಿರುವುದೂ, ದೊಡ್ಡ ಆಟಗಾರರು ತಮ್ಮ ರೈಫಲ್ಲನ್ನೇ ಕಾರ್ಖಾನೆಯ ಪರೀಕ್ಷಾ ರೇಂಜಿಗೆ ಒಯ್ದು ಬಿಗಿಯಾಗಿ ಕಟ್ಟಿ ಲಾಟಿನ ಮೇಲೆ ಲಾಟ್ ಹಾರಿಸಿ ನೋಡುವುದೂ ಇದಕ್ಕಾಗಿ.

ಇಲ್ಲಿಯವರು ಮಾಡಬಹುದಾದದ್ದು ಅದರ ಚಿಕ್ಕ ರೂಪ. ಸಿಕ್ಕ ಎರಡು ಮೂರು ಲಾಟುಗಳಿಂದ ತಲಾ ಒಂದು ಪೆಟ್ಟಿಗೆ, ಗಾಳಿಯಿಲ್ಲದ ಬೆಳಗು, ಮರಳುಚೀಲದ ಆಸರೆ. ಲಾಟ್ ಬದಲಿಸಿದಾಗ ಮೊದಲ ಹತ್ತು ಗುಂಡನ್ನು ಲೆಕ್ಕಕ್ಕೆ ಹಿಡಿಯಬಾರದು, ಹಿಂದಿನ ತೋಟಾದ ಮೇಣ ನಳಿಗೆಯಲ್ಲಿ ಇನ್ನೂ ಇರುತ್ತದೆ. ಗುರಿಕಾಗದದ ಹಿಂಬದಿಗೆ ತಾರೀಕು, ಲಾಟ್ ಸಂಖ್ಯೆ, ಹವೆ ಬರೆದಿಡಬೇಕು. ಗೆದ್ದ ಲಾಟಿನಲ್ಲಿ ಕೊನೆಯ 50 ತೋಟಾಗಳನ್ನು ಸ್ಪರ್ಧೆಗೆ ಬಳಸದೆ ಒಣ ಡಬ್ಬದಲ್ಲಿ ಉಳಿಸಿಕೊಳ್ಳಬೇಕು, ಮುಂದೆ ಬರುವ ಲಾಟನ್ನು ಅದರ ಎದುರಿಗೇ ಒರೆಗೆ ಹಚ್ಚಲು.