ಎಕರೆಗೆ ಐದು ಗುಂಟೆ

1988ರಲ್ಲಿ ನಾನು ವರ್ಗವಾಗಿ ವಾಶಿಗೆ ಬಂದೆ. ರಜೆಯಲ್ಲಿ ಬಾಗಲಕೋಟೆಗೆ ಹೋದಾಗ ನವಿ ಮುಂಬಯಿ ಹೆಂಗೈತಿ ಎಂದು ಯಾರಾದರೂ ಕೇಳಿದರೆ, 'ಮೊದಲ ಅಲ್ಲೇನೂ ಇರಲಿಲ್ಲರಿ, ಎಲ್ಲಾ ಸಿಡ್ಕೋದವರು ಕಟ್ಟಿದ್ದು' ಅಂತಿದ್ದೆ.

ಒಂದು ದಿನ ಬ್ಯಾಂಕಿಗೆ ಆಗ್ರಿ ಸಮಾಜದ ಹಿರಿಯರೊಬ್ಬರು ಠೇವಣಿ ಇಡಲು ಬಂದರು. ಅರ್ಜಿಯಲ್ಲಿ ಉದ್ಯೋಗದ ಜಾಗ ಖಾಲಿ ಇತ್ತು. 'ರೈತ ಅಂತ ಬರೆಯಲೇ ಬಾಬಾ?' ಎಂದು ಮರಾಠಿಯಲ್ಲಿ ಕೇಳಿದೆ. 'ಹೊಲ ಎಲ್ಲಿದೆ ಸಾಹೇಬ? ಅದರ ಮೇಲೇ ನೀವು ಕೂತಿದ್ದೀರಲ್ಲ' ಎಂದರು. ದಿನಕರ ಬಾಳು ಪಾಟೀಲರ ಹೆಸರು ನಾನು ಮೊದಲು ಕೇಳಿದ್ದು ಅವರಿಂದಲೇ.

ಪಾಟೀಲರು ಹುಟ್ಟಿದ್ದು 1926ರಲ್ಲಿ, ಉರಣ ತಾಲೂಕಿನ ಜಾಸಯಿಯಲ್ಲಿ. ವಕೀಲರಾಗಿ ಶೇತಕರಿ ಕಾಮಗಾರ ಪಕ್ಷ ಸೇರಿದರು. ಪನವೇಲದಿಂದ ಐದು ಸಲ ಶಾಸಕರು, 1977 ಮತ್ತು 1984ರಲ್ಲಿ ಕುಲಾಬಾದಿಂದ ಸಂಸದರು; 1972ರಿಂದ ಕೆಲವು ವರ್ಷ ವಿಧಾನಸಭೆಯ ವಿರೋಧ ಪಕ್ಷದ ನಾಯಕರು. ಆದರೆ ಜನ ಅವರನ್ನು ನೆನೆಯುವುದು ಈ ಹುದ್ದೆಗಳಿಗಾಗಿ ಅಲ್ಲ.

1970ರಲ್ಲಿ ಸಿಡ್ಕೋ ಹುಟ್ಟಿತು. ಹೊಸ ನಗರಕ್ಕೆಂದು ಠಾಣೆ, ಪನವೇಲ, ಉರಣದ 95 ಹಳ್ಳಿಗಳ ಭತ್ತದ ಗದ್ದೆ, ಉಪ್ಪಿನ ಗದ್ದೆಗಳನ್ನು ಗುರುತಿಸಿದರು. ಪರಿಹಾರ ಸಾಲದೆಂದು ಪಾಟೀಲರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 1984ರ ಜನವರಿ 16 ಮತ್ತು 17ರಂದು ಉರಣ ತಾಲೂಕಿನಲ್ಲಿ ಪೊಲೀಸರ ಗುಂಡಿಗೆ ಐದು ಮಂದಿ ಬಲಿಯಾದರು. ಹೋರಾಟ ನಿಲ್ಲಲಿಲ್ಲ. 1990ರಲ್ಲಿ ಸರಕಾರ, ಕಳೆದುಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಹಿಂತಿರುಗಿಸುವ ಯೋಜನೆ ತಂದಿತು. ನಮ್ಮ ಲೆಕ್ಕದಲ್ಲಿ ಎಕರೆಗೆ ಐದು ಗುಂಟೆ. ಕಡಿಮೆಯೇ, ನಿಜ. ಆದರೆ ಪರಿಹಾರದ ಹಣ ಮದುವೆ, ಮೋಟಾರ್ ಸೈಕಲ್ ಅಂತ ಎರಡೇ ವರ್ಷಕ್ಕೆ ಕರಗುವುದನ್ನು ಖಾತೆಗಳಲ್ಲಿ ಕಂಡವನು ನಾನು. ನಗರ ಬೆಳೆದಂತೆ ನೆಲದ ಬೆಲೆಯೂ ಬೆಳೆಯುತ್ತದೆ. ಆ ಬೆಳವಣಿಗೆಯಲ್ಲಿ ರೈತನಿಗೂ ಪಾಲು ಸಿಕ್ಕಿತು.

ಇದರ ಅರ್ಥ ನನಗೆ ಪೂರ್ತಿಯಾಗಿ ಆದದ್ದು 2002ರಲ್ಲಿ. ಬಾಗಲಕೋಟೆಯ ನಮ್ಮ ಹಳೇ ಮನಿ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಅಪ್ಪ ಪರಿಹಾರದ ಚೆಕ್ಕನ್ನು ನನ್ನ ಕೈಗಿಟ್ಟು, 'ನೀ ಬ್ಯಾಂಕಿನಾಂವ, ಇದ್ರಾಗ ಏನೇನ್ ಬಂತು ಹೇಳಪ್ಪಾ' ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಊರು ಬಿಟ್ಟು ಪರದೇಶಿಯಾದೆ, ಅವರು ಊರಲ್ಲಿದ್ದೇ ಆದರು. ವಾಶಿಯ ಆ ಬಾಬಾ ಕೂಡ ಹಾಗೆಯೇ.

ಪಾಟೀಲರು 2013ರಲ್ಲಿ ತೀರಿಕೊಂಡರು. ನವಿ ಮುಂಬಯಿ ವಿಮಾನ ನಿಲ್ದಾಣಕ್ಕೆ ಅವರ ಹೆಸರೇ ಬೇಕೆಂದು 2021ರಲ್ಲಿ ಸಾವಿರಾರು ಜನ ಬೇಲಾಪುರದ ಸಿಡ್ಕೋ ಕಚೇರಿಯತ್ತ ನಡೆದರು. 2022ರಲ್ಲಿ ರಾಜ್ಯ ಸಂಪುಟ ಒಪ್ಪಿತು. 2025ರ ಅಕ್ಟೋಬರ್ 8ರಂದು ನಿಲ್ದಾಣದ ಉದ್ಘಾಟನೆಯಾಯಿತು.

ಊರಿನವರು ಈಗಲೂ ನವಿ ಮುಂಬಯಿ ಬಗ್ಗೆ ಕೇಳುತ್ತಾರೆ. 'ಅಲ್ಲೇನೂ ಇರಲಿಲ್ಲ' ಎಂದು ಹೇಳುವುದನ್ನು ನಾನು ಬಿಟ್ಟಿದ್ದೇನೆ.