ಬ್ರೆಟನ್ ಮಾಧ್ಯಮ ಶಾಲೆಗಳು: ಫ್ರಾನ್ಸ್ ಸಂವಿಧಾನದ ಎದುರು ಒಂದು ಸಣ್ಣ ಭಾಷೆ

ಐರೋಪ್ಯ ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳಿವೆ. ಸಾಂಸ್ಕೃತಿಕ, ಧಾರ್ಮಿಕ ಹಾಗೂ ಭಾಷಿಕ ವೈವಿಧ್ಯವನ್ನು ಗೌರವಿಸುವುದಾಗಿ ಅದರ ಮೂಲಭೂತ ಹಕ್ಕುಗಳ ಸನ್ನದಿನ 22ನೇ ವಿಧಿ ಸಾರುತ್ತದೆ. ಆದರೆ ಶಾಲೆಯಲ್ಲಿ ಏನನ್ನು ಕಲಿಸಬೇಕು ಎಂಬುದನ್ನು ನಿರ್ಧರಿಸುವ ಹೊಣೆ ಆಯಾ ಸದಸ್ಯ ರಾಷ್ಟ್ರದ್ದು. ಹೀಗಾಗಿ ಅಧಿಕೃತ ಪಟ್ಟಿಯಲ್ಲಿಲ್ಲದ ಸಣ್ಣ ಭಾಷೆಗಳ ಅಳಿವು-ಉಳಿವು ಬಹುಮಟ್ಟಿಗೆ ಆ ರಾಷ್ಟ್ರಗಳ ಕಾನೂನನ್ನೇ ಅವಲಂಬಿಸಿದೆ. ಫ್ರಾನ್ಸಿನ ಬ್ರೆಟನ್ ಇದಕ್ಕೆ ನಿದರ್ಶನ.

ನಿಷೇಧದಿಂದ ಐಚ್ಛಿಕ ವಿಷಯಕ್ಕೆ

ಬ್ರೆಟನ್, ಫ್ರಾನ್ಸಿನ ವಾಯವ್ಯ ತುದಿಯಲ್ಲಿರುವ ಬ್ರಿಟನಿ ಪ್ರದೇಶದ ಭಾಷೆ. ಕೆಲ್ಟಿಕ್ ವರ್ಗಕ್ಕೆ ಸೇರಿದ ಇದು ವೆಲ್ಷ್ ಭಾಷೆಗೆ ಹತ್ತಿರದ ಸಂಬಂಧಿ. ಒಂದು ಕಾಲದಲ್ಲಿ ಶಾಲೆಯಲ್ಲಿ ಬ್ರೆಟನ್ ಮಾತನಾಡಿ ಸಿಕ್ಕಿಬಿದ್ದ ಮಗುವಿಗೆ ಅವಮಾನದ ಗುರುತಾಗಿ ಒಂದು ವಸ್ತುವನ್ನು ಕೊಡಲಾಗುತ್ತಿತ್ತು. ತಪ್ಪಿಸಿಕೊಳ್ಳಬೇಕಾದರೆ ಆ ಮಗು ಅದೇ ‘ತಪ್ಪು’ ಮಾಡಿದ ಇನ್ನೊಬ್ಬನನ್ನು ಹಿಡಿದು ಅದನ್ನು ದಾಟಿಸಬೇಕಿತ್ತು. 1951ರ ದೇಕ್ಸೋನ್ ಕಾಯಿದೆಯು ಬ್ರೆಟನ್, ಬಾಸ್ಕ್, ಕ್ಯಾಟಲನ್ ಮತ್ತು ಆಕ್ಸಿಟನ್ ಭಾಷೆಗಳನ್ನು ಐಚ್ಛಿಕವಾಗಿ ಕಲಿಸಲು ಮೊದಲ ಬಾರಿಗೆ ಅವಕಾಶ ನೀಡಿತು. ಅಷ್ಟರಲ್ಲಿ ಅನೇಕ ತಂದೆತಾಯಿಯರು ಮಕ್ಕಳೊಡನೆ ಬ್ರೆಟನ್ ಆಡುವುದನ್ನೇ ಬಿಡತೊಡಗಿದ್ದರು. ಇಂದು ಯುನೆಸ್ಕೋ ಇದನ್ನು ತೀವ್ರ ಅಪಾಯದಲ್ಲಿರುವ ಭಾಷೆಗಳ ಸಾಲಿನಲ್ಲಿ ಇರಿಸಿದೆ.

‘ದಿವಾನ್’ ಶಾಲೆಗಳು

ಮನೆಯಲ್ಲಿ ಕೇಳಿಬರದ ಭಾಷೆಯನ್ನು ವಾರಕ್ಕೊಂದೆರಡು ಗಂಟೆಯ ಪಾಠ ಉಳಿಸಲಾರದು ಎಂಬ ಅರಿವಿನಿಂದ 1977ರಲ್ಲಿ ‘ದಿವಾನ್’ ಶಾಲೆಗಳು ಹುಟ್ಟಿದವು. ಬ್ರೆಟನ್ನಿನಲ್ಲಿ ಈ ಪದಕ್ಕೆ ಮೊಳಕೆ ಎಂದರ್ಥ. ಇಲ್ಲಿ ಶಿಶುವಿಹಾರದಿಂದಲೇ ಪಾಠ, ಆಟ, ಊಟದ ವೇಳೆಯ ಮಾತು ಎಲ್ಲವೂ ಬ್ರೆಟನ್ನಿನಲ್ಲಿ ನಡೆಯುತ್ತವೆ. ಫ್ರೆಂಚ್ ಕಲಿಕೆ ಪ್ರಾಥಮಿಕ ಹಂತದಲ್ಲಿ ಸೇರಿಕೊಳ್ಳುತ್ತದೆ. ಬಾಸ್ಕ್ ಭಾಷೆಯ ‘ಸೆಯಾಸ್ಕಾ’, ಆಕ್ಸಿಟನ್‌ನ ‘ಕಲಾಂದ್ರೆತಾ’, ಕ್ಯಾಟಲನ್‌ನ ‘ಬ್ರೆಸ್ಸೋಲಾ’ ಶಾಲೆಗಳೂ ಇದೇ ಹಾದಿಯಲ್ಲಿವೆ.

ಸಂವಿಧಾನದ ತಡೆ

‘ಗಣರಾಜ್ಯದ ಭಾಷೆ ಫ್ರೆಂಚ್’ ಎಂಬ ಮಾತು 1992ರಲ್ಲಿ ಫ್ರಾನ್ಸ್ ಸಂವಿಧಾನದ 2ನೇ ವಿಧಿಗೆ ಸೇರ್ಪಡೆಯಾಯಿತು. ಪ್ರಾದೇಶಿಕ ಹಾಗೂ ಅಲ್ಪಸಂಖ್ಯಾತ ಭಾಷೆಗಳ ಐರೋಪ್ಯ ಸನ್ನದಿಗೆ ಫ್ರಾನ್ಸ್ 1999ರ ಮೇ ತಿಂಗಳಲ್ಲಿ ಸಹಿ ಹಾಕಿತಾದರೂ, ಅದರ ಕೆಲವು ಅಂಶಗಳು ಸಂವಿಧಾನಕ್ಕೆ ವಿರುದ್ಧವೆಂದು ಸಂವಿಧಾನ ಮಂಡಳಿ ಮರುತಿಂಗಳೇ ತೀರ್ಪಿತ್ತಿತು. ಸನ್ನದು ಇಂದಿಗೂ ಅನುಮೋದನೆಗೊಂಡಿಲ್ಲ. ದಿವಾನ್ ಶಾಲೆಗಳನ್ನು ಸರ್ಕಾರಿ ವ್ಯವಸ್ಥೆಯೊಳಗೆ ಸೇರಿಸುವ ಯತ್ನವೂ 2002ರಲ್ಲಿ ಅತ್ಯುನ್ನತ ಆಡಳಿತ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಪ್ರಾದೇಶಿಕ ಭಾಷೆಗಳು ದೇಶದ ಪರಂಪರೆಯ ಭಾಗವೆಂಬ ವಿಧಿ 2008ರಲ್ಲಿ ಸಂವಿಧಾನಕ್ಕೆ ಸೇರಿತಾದರೂ ಶಾಲೆಗಳಿಗೆ ಅದರಿಂದ ರಕ್ಷಣೆ ದೊರೆಯಲಿಲ್ಲ.

ಬ್ರಿಟನಿಯ ಸಂಸದ ಪಾಲ್ ಮೊಲಾಕ್ ಮಂಡಿಸಿದ ಪ್ರಾದೇಶಿಕ ಭಾಷೆಗಳ ಮಸೂದೆಯನ್ನು ರಾಷ್ಟ್ರೀಯ ಅಸೆಂಬ್ಲಿ 2021ರ ಏಪ್ರಿಲ್ 8ರಂದು 247–76 ಮತಗಳಿಂದ ಅಂಗೀಕರಿಸಿತು. ಸರ್ಕಾರಿ ಶಾಲೆಗಳಲ್ಲಿಯೂ ಪ್ರಾದೇಶಿಕ ಭಾಷಾ ಮಾಧ್ಯಮದ ಬೋಧನೆಗೆ ಅದು ಅವಕಾಶ ನೀಡುತ್ತಿತ್ತು. ಆದರೆ ಮೇ 21ರಂದು ಸಂವಿಧಾನ ಮಂಡಳಿಯು 2ನೇ ವಿಧಿಯನ್ನೇ ಮುಂದಿಟ್ಟು ಆ ಅಂಶವನ್ನು ರದ್ದುಪಡಿಸಿತು. ಸರ್ಕಾರದೊಡನೆ ಒಪ್ಪಂದ ಹೊಂದಿ ನಡೆಯುತ್ತಿದ್ದ ದಿವಾನ್‌ನಂತಹ ಶಾಲೆಗಳ ಅಸ್ತಿತ್ವವೇ ಪ್ರಶ್ನೆಗೊಳಗಾಯಿತು. ಬ್ರಿಟನಿ ಸೇರಿದಂತೆ ಹಲವೆಡೆ ಜನ ಬೀದಿಗಿಳಿದರು.

ಅದೇ ವರ್ಷದ ಡಿಸೆಂಬರಿನಲ್ಲಿ ಶಿಕ್ಷಣ ಸಚಿವಾಲಯ ಹೊರಡಿಸಿದ ಸುತ್ತೋಲೆಯು, ಇಂತಹ ಬೋಧನೆಯನ್ನು ದ್ವಿಭಾಷಾ ಶಿಕ್ಷಣದ ಒಂದು ವಿಧಾನವೆಂದು ಒಪ್ಪಿಕೊಂಡಿತು. ಇದರಿಂದ ಶಾಲೆಗಳು ಉಸಿರಾಡುವಂತಾದವು. ಆದರೆ ಸುತ್ತೋಲೆಗೆ ಕಾಯಿದೆಯ ಬಲವಿಲ್ಲ, ಸಂವಿಧಾನದ 2ನೇ ವಿಧಿಯೂ ಬದಲಾಗಿಲ್ಲ.